ಬೀಗದ ಕೈ ಮೇಜಿನ ಮೇಲೆ

ದೊಡ್ಡಮ್ಮ ಮಹಡಿ ಮೆಟ್ಟಿಲಿನಿಂದ ಉರುಳಿ ಬಿದ್ದು ಪ್ರಜ್ಞೆ ತಪ್ಪಿದ್ದನ್ನು ಮನೆಯವರೆಲ್ಲ ಟಿ.ವಿ. ಮುಂದೆ ಕೂತು ನೋಡಿದರು. ಬಿದ್ದವಳೇ ಅವರ ತಟ್ಟೆಗಳಿಗೆ ಅನ್ನ ಬಡಿಸುತ್ತಿದ್ದಳು.

"ಚೆನ್ನಾಗಿ ಬಿದ್ದಿದೀಯ," ಅಂದ ಗಂಡ.

"ಬಿದ್ದಿದ್ದು ನಾನಲ್ಲ, ಬೇರೆ ಹುಡುಗಿ. ನಾನು ಕೊನೇ ಮೆಟ್ಟಿಲ ಹತ್ರ ಸುಮ್ಮನೆ ಮಲಗಿದ್ದು ಅಷ್ಟೇ."

"ಮಲಗಿದ್ದೂ ಚೆನ್ನಾಗಿದೆ."

"ಏಳೋದು ಯಾವಾಗ?" ಅಂದರು ಅತ್ತೆ.

"ಅದು ಬರೆಯೋರಿಗೇ ಗೊತ್ತಿಲ್ಲವಂತೆ. ಕೋಮಾ ಅಂದಿದಾರೆ. ಜನ ಕೇಳಿದ್ರೆ ಎಬ್ಬಿಸ್ತಾರೆ, ಕೇಳದಿದ್ರೆ ಹಾಗೇ ಕಳಿಸಿಬಿಡ್ತಾರೆ."

"ಎಲ್ಲಿಗೆ?"

"ಮೇಲಕ್ಕೆ," ಅಂದಳು ಮಗಳು. ಅತ್ತೆ ಮೊಮ್ಮಗಳ ಕಡೆ ಕಣ್ಣು ಕೆಕ್ಕರಿಸಿ ನೋಡಿ, ಅನ್ನ ಕಲಸಿಕೊಂಡರು.

ದೊಡ್ಡಮ್ಮ ಅನ್ನುವುದು ಅವಳ ಹೆಸರಲ್ಲ, ಧಾರಾವಾಹಿಯ ಪಾತ್ರ. ವರ್ಷಗಟ್ಟಲೆ ದಿನಾ ಸಂಜೆ ಅದೇ ಆಗಿ ಆಗಿ, ಬೀದಿಯ ಹಣ್ಣಿನವನಿಂದ ಹಿಡಿದು ಬ್ಯಾಂಕಿನ ಕಿಟಕಿಯವಳ ತನಕ ಎಲ್ಲರಿಗೂ ಅವಳು ದೊಡ್ಡಮ್ಮನೇ. ಕಥೆಯಲ್ಲಿ ಅವಳು ಸೊಸೆಯನ್ನು ಗೋಳು ಹುಯ್ದುಕೊಂಡ ವಾರ ಹಣ್ಣಿನವನು ಮೆತ್ತಗಾದದ್ದನ್ನೇ ಆರಿಸಿ ಹಾಕುತ್ತಿದ್ದ, ಕ್ಷಮಿಸಿದ ವಾರ ಒಂದು ಹೆಚ್ಚಿಗೆ ಹಾಕುತ್ತಿದ್ದ. ಅವನ ಜೊತೆ ವಾದ ಮಾಡಿ ಪ್ರಯೋಜನವಿಲ್ಲ ಎಂದು ಅವಳು ಯಾವತ್ತೋ ಕೈ ಬಿಟ್ಟಿದ್ದಳು.

ಟಿ.ವಿ.ಗೂ ಮೊದಲು ಅವಳದು ರಂಗಭೂಮಿ. ಹದಿನೇಳಕ್ಕೆ ಒಂದು ನಾಟಕ ತಂಡ ಸೇರಿದಳು. ದನಿ ದಪ್ಪ, ನಡಿಗೆ ಭಾರ ಎಂದು ತಂಡದ ನಿರ್ದೇಶಕರು ಮೊದಲ ದಿನವೇ ತಲೆಗೆ ಬಿಳಿ ಪುಡಿ ಬಳಿದು ಮುದುಕಿ ಮಾಡಿಬಿಟ್ಟರು. ಅವರನ್ನು ಎಲ್ಲರೂ ಮೇಷ್ಟ್ರು ಅನ್ನುತ್ತಿದ್ದರು, ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲದಿದ್ದರೂ. ಹಾಗಾಗಿ ಅವಳು ತನ್ನ ಹರೆಯವನ್ನೆಲ್ಲ ಕೋಲು ಊರಿಕೊಂಡೇ ಕಳೆದಳು. ನಾಯಕಿಯಾಗಿ ಮೆರೆದವರು ಒಬ್ಬೊಬ್ಬರಾಗಿ ಮದುವೆಯಾಗಿ ಬಣ್ಣ ಬಿಟ್ಟರು, ಮುದುಕಿಗೆ ಮಾತ್ರ ಕೆಲಸ ತಪ್ಪಲಿಲ್ಲ. ಮಗಳು ಹುಟ್ಟಿದ ಮೇಲೆ ತಂಡದ ಜೊತೆ ಊರೂರು ಸುತ್ತುವುದು ಆಗದೆ ಟಿ.ವಿ.ಗೆ ಬಂದಳು. ಅಲ್ಲೂ ಅಜ್ಜಿ, ಅತ್ತೆ, ನೆರೆಮನೆಯ ಮುದುಕಿ, ಕೊನೆಗೆ ದೊಡ್ಡಮ್ಮ. ಈಗ ವಯಸ್ಸೂ ಪಾತ್ರವೂ ಒಂದಕ್ಕೊಂದು ಸರಿಹೋಗಿ, ಪುಡಿ ಬಳಿಯುವ ಕೆಲಸ ತಪ್ಪಿತ್ತು.

ಮನೆಯಲ್ಲಿ ಅವಳ ಮಾತುಗಳನ್ನು ಬಾಯಿಪಾಠ ಮಾಡಿಸುವವರು ಅತ್ತೆ. ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ನಿವೃತ್ತರಾದವರು. ನಾಟಕದವಳು ಸೊಸೆಯಾಗಿ ಬಂದಳೆಂದು ಮೊದಲ ಒಂದು ವರ್ಷ ಮುಖ ಗಂಟು ಹಾಕಿಕೊಂಡೇ ಇದ್ದರು. ಒಂದು ಸಂಜೆ ಮಗ ಎದುರು ಪಾತ್ರದ ಮಾತುಗಳನ್ನು ತಡವರಿಸಿ ಓದುತ್ತಿದ್ದದ್ದು ಕೇಳಲಾರದೆ ಅಡುಗೆಮನೆಯಿಂದ ಬಂದು ಹಾಳೆ ಕಿತ್ತುಕೊಂಡರು. "ಕೊಡಿಲ್ಲಿ. ಒಂದು ಸಾಲು ನೆಟ್ಟಗೆ ಓದಕ್ಕೆ ಬರಲ್ಲ ನಿನಗೆ." ಅವತ್ತಿನಿಂದ ಹಾಳೆ ಅವರದೇ ಆಯಿತು. ಕೊಲೆಗಾರನ ಮಾತಾಗಲಿ, ಪ್ರೇಮಿಯ ಮಾತಾಗಲಿ, 'ದಯವಿಟ್ಟು ಕಾಯಿರಿ' ಅನ್ನುವ ಅದೇ ದನಿಯಲ್ಲಿ ಓದುತ್ತಿದ್ದರು. ಸೊಸೆ ತನ್ನ ಮಾತು ಸರಿಯಾಗಿ ಹೇಳಿದರೆ "ಹೂಂ, ಮುಂದೆ" ಅನ್ನುತ್ತಿದ್ದರು. ತಪ್ಪಿದರೆ ಮತ್ತೆ ಅದೇ ಸಾಲು. ಹೊಗಳಿಕೆ ಇಲ್ಲ, ತೆಗಳಿಕೆ ಇಲ್ಲ. ತಾವಾಗಿ ಒಂದು ಪದವನ್ನೂ ಹೆಚ್ಚು ಕಡಿಮೆ ಓದಿದವರಲ್ಲ. ಎರಡು ಸಲ ಓದಿದರೆ ಎಲ್ಲ ಪಾತ್ರಗಳ ಮಾತೂ ಅವರ ತಲೆಯಲ್ಲಿ ಕೂತುಬಿಡುತ್ತಿತ್ತು.

ಈಗ ದೊಡ್ಡಮ್ಮನಿಗೆ ಕೋಮಾ. ಕೋಮಾದವರಿಗೆ ಮಾತೆಲ್ಲಿಯದು? ಸಂಜೆ ಬರುತ್ತಿದ್ದ ಹಾಳೆಗಳು ನಿಂತುಹೋದವು.

ಸ್ಟುಡಿಯೋದಲ್ಲಿ ಅವಳಿಗೆ ಮಲಗುವುದೇ ಕೆಲಸ. ಕೈಗೆ ಔಷಧವಿಲ್ಲದ ನಳಿಕೆ ಅಂಟಿಸಿ, ಮುಖಕ್ಕೆ ಬೂದಿ ಬಣ್ಣ ಹಚ್ಚಿ, ಮಂಚದ ಮೇಲೆ ಹಾಕುತ್ತಿದ್ದರು. ಸುತ್ತ ನಿಂತು ಮಕ್ಕಳು ಅಳುತ್ತಿದ್ದರು, ಆಸ್ತಿಗೆ ಕಿತ್ತಾಡುತ್ತಿದ್ದರು. ಲೈಟು ಸರಿಮಾಡುವ ಹೊತ್ತಿನಲ್ಲಿ ಅದೇ ಮಕ್ಕಳು ಅವಳ ತಲೆಯ ಮೇಲೆಯೇ ಮಾತಾಡಿಕೊಳ್ಳುತ್ತಿದ್ದರು. "ಮೇಡಂ ಪಾತ್ರ ಮುಗಿಸ್ತಾರಂತೆ." "ಇಲ್ಲ, ಎಬ್ಬಿಸ್ತಾರಂತೆ, ಆದ್ರೆ ನೆನಪು ಹೋಗಿರುತ್ತಂತೆ." ಕಣ್ಣು ಬಿಟ್ಟು "ಯಾರು ಹೇಳಿದ್ದು?" ಎಂದು ಕೇಳೋಣವೆಂದರೆ ಹಚ್ಚಿದ ಬಣ್ಣ ಕೆಡುತ್ತದೆ. ಒಂದು ಮಧ್ಯಾಹ್ನ ನಿಜವಾಗಿಯೂ ನಿದ್ದೆ ಬಂದು ಗೊರಕೆ ಹೊಡೆದಳು. ಮಗನ ಪಾತ್ರದವನು ಗಳಗಳನೆ ಅಳುತ್ತಿದ್ದದ್ದನ್ನು ನಿಲ್ಲಿಸಿ ಮತ್ತೆ ಮೊದಲಿನಿಂದ ಅಳಬೇಕಾಯಿತು.

ಮನೆಯಲ್ಲಿ ಇನ್ನೊಂದು ಬಗೆಯ ತೊಂದರೆ ಶುರುವಾಯಿತು. ಸಂಜೆ ಊಟದ ಮೇಜಿನ ಸುತ್ತ ನಾಲ್ಕು ಜನ ಕೂತರೆ ಮಾತೇ ಇಲ್ಲ. ಇಷ್ಟು ವರ್ಷ ಆ ಹೊತ್ತಿನಲ್ಲಿ ಅವರೆಲ್ಲ ಯಾರದೋ ಆಸ್ತಿ, ಯಾರದೋ ಮದುವೆ, ಯಾರದೋ ದ್ರೋಹ ಮಾತಾಡುತ್ತಿದ್ದರು. ತಮ್ಮದೇ ಅನ್ನುವ ಮಾತು ಎಷ್ಟು ಕಡಿಮೆ ಎಂದು ಈಗ ಗೊತ್ತಾಯಿತು.

"ಇವತ್ತು ಅಂಗಡಿಯಲ್ಲಿ ಏನಾಯ್ತು?" ಎಂದು ಅವಳು ಗಂಡನನ್ನು ಕೇಳುವಳು. ಅವನದು ಕನ್ನಡಕದ ಅಂಗಡಿ.

"ಏನಾಗುತ್ತೆ. ಕನ್ನಡಕ ಮಾರಿದೆ."

"ಲ್ಯಾಬಲ್ಲಿ?"

"ರಕ್ತ ತೆಗೆದೆ," ಅನ್ನುವಳು ಮಗಳು. ಅವಳಿಗೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ.

ಅತ್ತೆ ತಟ್ಟೆ ನೋಡಿಕೊಂಡು ಉಣ್ಣುವರು. ಉಂಡಾದ ಮೇಲೆ ಅಭ್ಯಾಸಬಲದಿಂದ ಕನ್ನಡಕ ಹಾಕಿಕೊಂಡು ಕೂರುವರು, ಸ್ವಲ್ಪ ಹೊತ್ತಾದ ಮೇಲೆ ತೆಗೆದು ಪೆಟ್ಟಿಗೆಗೆ ಹಾಕುವರು.

ಮಲಗುವ ಕೆಲಸ ಮಧ್ಯಾಹ್ನಕ್ಕೇ ಮುಗಿಯುತ್ತಿದ್ದರಿಂದ ಅವಳು ಮನೆಯಲ್ಲಿ ಹೆಚ್ಚು ಹೊತ್ತು ಇರತೊಡಗಿದಳು. ಇದ್ದವಳು ಸುಮ್ಮನಿರಬೇಕಲ್ಲ. ಅಡುಗೆಮನೆಗೆ ನುಗ್ಗಿ ಡಬ್ಬಗಳನ್ನೆಲ್ಲ ಇಳಿಸಿ ತೊಳೆದು ಬೇರೆ ಬೇರೆ ಕಡೆ ಜೋಡಿಸಿದಳು. ಚಮಚಗಳ ಖಾನೆ ಒಲೆಯ ಪಕ್ಕದಿಂದ ಕಿಟಕಿಯ ಕೆಳಕ್ಕೆ ಹೋಯಿತು.

"ಚಮಚ ಎಲ್ಲಿ?" ಅತ್ತೆ ಕೇಳಿದರು. ಒಲೆಯ ಮೇಲೆ ಬೇಳೆ ಉಕ್ಕುತ್ತಿತ್ತು.

"ಕಿಟಕಿ ಹತ್ರ ಅತ್ತೆ. ಅಲ್ಲಿದ್ರೆ ಅನುಕೂಲ."

"ಯಾರಿಗೆ?"

"ಎಲ್ಲರಿಗೂ."

"ನಾನು ಈ ಮನೇಲಿ ಎಲ್ಲರಲ್ಲಿ ಸೇರಿಲ್ವಾ? ಕೈ ಚಾಚಿದ್ರೆ ಚಮಚ ಸಿಗ್ತಿತ್ತು. ಈಗ ಬೇಳೆ ಉಕ್ಕುವಾಗ ಕಿಟಕಿ ತನಕ ನಡ್ಕೊಂಡು ಹೋಗ್ಬೇಕು."

"ಎರಡು ಹೆಜ್ಜೆ ಅತ್ತೆ."

"ಉಕ್ಕೋ ಬೇಳೆಗೆ ಹೆಜ್ಜೆ ಲೆಕ್ಕ ಗೊತ್ತಿರಲ್ಲ."

ಬೇಳೆ ಉಕ್ಕಿ ಒಲೆ ಆರಿತು. ಅವಳು ಹಲ್ಲು ಕಚ್ಚಿಕೊಂಡು ಒರೆಸಿದಳು. ಚಮಚ ಮಾತ್ರ ಕಿಟಕಿಯ ಕೆಳಗೇ ಉಳಿಯಿತು.

ಇಂಥ ದಿನಗಳಲ್ಲಿ ಮೇಷ್ಟ್ರು ಫೋನು ಮಾಡಿದರು. "ಮಲಗಿದ್ದು ಸಾಕು, ಏಳು. ಹೊಸ ನಾಟಕ. ಬಾಡಿಗೆ ಕೋಣೆಗಳಿರೋ ಹಳೇ ಮನೆ, ಅದರ ಯಜಮಾನಿ. ಕಲ್ಲಿನಂಥವಳು. ಬಾಡಿಗೆಯವರು ಒಬ್ಬೊಬ್ಬರಾಗಿ ಬಿಟ್ಟು ಹೋಗ್ತಾರೆ, ಇವಳು ಒಬ್ಬಳೇ ಉಳೀತಾಳೆ. ಉದ್ದಕ್ಕೂ ನೀನು ರಂಗದ ಮೇಲಿಂದ ಇಳಿಯೋ ಹಾಗಿಲ್ಲ."

ಟಿ.ವಿ.ಯಲ್ಲಿ ಇವತ್ತು ಎರಡು ಪುಟ ಕಲಿತು ನಾಳೆ ಮರೆತರೆ ನಡೆಯುತ್ತದೆ. ರಂಗದ ಮೇಲೆ ಹೋಗಿ ನಿಂತು ಎಷ್ಟೋ ಕಾಲವಾಗಿತ್ತು. ಮೇಷ್ಟ್ರ ತಂಡದಲ್ಲಿ ಪರದೆಯ ಹಿಂದೆ ನಿಂತು ಮಾತು ಎತ್ತಿಕೊಡುವವರು ಯಾರೂ ಇರುವುದಿಲ್ಲ, ಅದನ್ನು ಅವರು ಅವಮಾನ ಎಂದು ತಿಳಿಯುತ್ತಾರೆ. ಆಗುವುದಿಲ್ಲ ಎನ್ನಲು ಬಾಯಿ ತೆರೆದವಳು "ಆಗಲಿ ಮೇಷ್ಟ್ರೇ" ಅಂದುಬಿಟ್ಟಳು. ಫೋನಿಟ್ಟ ಮೇಲೆ ಯಾಕೆ ಹಾಗಂದೆ ಎಂದು ತಲೆ ಕೆರೆದುಕೊಂಡಳು.

ನಾಟಕದ ಹಾಳೆಗಳು ಮನೆಗೆ ಬಂದ ದಿನ ಅತ್ತೆ ಮಧ್ಯಾಹ್ನವೆಲ್ಲ ಕೂತು ಓದಿದರು. ಸಂಜೆ ಕನ್ನಡಕ ಒರೆಸಿಕೊಂಡು ಮೇಜಿಗೆ ಬಂದರು. ಅಷ್ಟರಲ್ಲಿ ಮಗಳು ತಾಯಿಯ ಕಿವಿಗೆ ತಂತಿ ಸಿಕ್ಕಿಸುತ್ತಿದ್ದಳು.

"ಅಮ್ಮ, ನೋಡು. ಎದುರು ಪಾತ್ರದ ಮಾತೆಲ್ಲ ನಾನೇ ಓದಿ ಫೋನಲ್ಲಿ ತುಂಬಿಟ್ಟಿದೀನಿ. ನೀನು ಹೇಳಬೇಕಾದ ಕಡೆ ಜಾಗ ಬಿಟ್ಟಿದೀನಿ. ಬಸ್ಸಲ್ಲಿ ಹೋಗ್ತಾ ಕಲೀಬಹುದು, ಅಡುಗೆ ಮಾಡ್ತಾ ಕಲೀಬಹುದು. ಪಾಪ, ಅಜ್ಜಿಗೂ ಕಣ್ಣಿಗೆ ಶ್ರಮ ಇಲ್ಲ."

"ಒಳ್ಳೇದಾಯ್ತು ಬಿಡು," ಅಂದರು ಅತ್ತೆ. "ನನಗೂ ಕಣ್ಣು ಉರಿ."

ಹಿಂದಿನ ತಿಂಗಳಷ್ಟೇ ಮಗ ತನ್ನ ಅಂಗಡಿಯಲ್ಲಿ ಅವರ ಕಣ್ಣು ಪರೀಕ್ಷೆ ಮಾಡಿ, ಹೊಸ ಕನ್ನಡಕ ಹಾಕಿಸಿ, ಅವರಿಂದಲೇ ಸೂಜಿಗೆ ದಾರ ಹಾಕಿಸಿ ನೋಡಿದ್ದ. ಅದು ಆಗ ಯಾರಿಗೂ ನೆನಪಾಗಲಿಲ್ಲ. ಅವಳಿಗಂತೂ ಕಿವಿಯಲ್ಲಿ ಆಗಲೇ ಮಗಳ ದನಿ ಮಾತಾಡುತ್ತಿತ್ತು.

ಫೋನಿನಿಂದ ಕಲಿತದ್ದು ಬೇಗ ಬಂತು. ಆದರೆ ತಾಲೀಮಿನಲ್ಲಿ ಮೇಷ್ಟ್ರು ಮೂಗು ಮುರಿದರು. "ಇದೇನು, ರೈಲು ಹಳಿ ಮೇಲೆ ಹೋದ ಹಾಗೆ ಹೋಗ್ತಿದೀಯ. ಮಧ್ಯದಲ್ಲಿ ಎಲ್ಲಿಂದ ಎತ್ತಿದ್ರೂ ಮಾತು ಬರ್ಬೇಕು. ಮನೇಲಿ ಹೇಳು, ನಿಂತಲ್ಲಿ ಕೂತಲ್ಲಿ ಹೇಳದೆ ಕೇಳದೆ ಎಸೀಲಿ. ನೀನು ಹಿಡೀಬೇಕು."

ಅವಳು ಮನೆಗೆ ಬಂದು ಊಟದ ಮೇಜಿನ ಮುಂದೆ ಅಪ್ಪಣೆ ಹೊರಡಿಸಿದಳು. ಅಲ್ಲಿಂದ ಮನೆ ಯುದ್ಧಭೂಮಿಯಾಯಿತು. ಸ್ನಾನದ ಮನೆಯ ಬಾಗಿಲಾಚೆಯಿಂದ ಮಗಳು, "ಯಜಮಾನಿ, ನನ್ನ ಕೋಣೆ ಸೋರ್ತಿದೆ!" ಎಂದು ಕೂಗುವಳು. ಒಳಗಿನಿಂದ ಸೋಪು ತುಂಬಿದ ಬಾಯಿಯ ಉತ್ತರ: "ಸೋರೋ ಕೋಣೆಗೆ ಬಾಡಿಗೆ ಕಡಿಮೆ ಮಾಡಿದೀನಿ, ನೀರಿಗೆ ಬೇರೆ ತಗೊಂಡಿಲ್ಲ." ಗಂಡ ಅಂಗಡಿಯಿಂದ ಫೋನು ಮಾಡಿ, ಗಿರಾಕಿಗಳ ಮುಂದೆಯೇ, "ನನ್ನ ಪೆಟ್ಟಿಗೆ ಯಾರು ತೆರೆದದ್ದು?" ಎಂದು ಗದರುವನು. ಅವಳ ಉತ್ತರ ಕೇಳಿ, ಸರಿಯೋ ತಪ್ಪೋ ಗೊತ್ತಾಗದೆ, "ಹಾಂ, ಹಾಗೇ ಏನೋ ಇದೆ" ಎಂದು ಇಟ್ಟುಬಿಡುವನು. ಹಲವು ದಿನಗಳ ಮೇಲೆ ಮನೆಯಲ್ಲಿ ಗಲಾಟೆ, ನಗು. ಅತ್ತೆ ಮಾತ್ರ ಒಂದು ಸಾಲನ್ನೂ ಎಸೆಯಲಿಲ್ಲ. ಅವರನ್ನು ಯಾರೂ ವಿಶೇಷವಾಗಿ ಕರೆಯಲೂ ಇಲ್ಲ. ಎಲ್ಲರಿಗೂ ಎಂದು ಹೇಳಿದ ಮೇಲೆ ಅವರಿಗೂ ಹೇಳಿದ ಹಾಗಾಯಿತು ಎಂದು ಅವಳು ಅಂದುಕೊಂಡಿದ್ದಳು.

ಹಾಗಿರುವಾಗ ಒಂದು ಬೆಳಿಗ್ಗೆ ಅವಳು ಒಲೆಯ ಮುಂದೆ ನಿಂತು ಬೆಂದ ಮೊಟ್ಟೆ ಸುಲಿಯುತ್ತಿದ್ದಳು. ಬೆನ್ನ ಹಿಂದೆ, ಬಾಗಿಲ ಹತ್ತಿರ ಅತ್ತೆಯ ದನಿ ಕೇಳಿತು.

"ನಾನು ಈ ಮನೆ ಬಿಡೋಣ ಅಂತಿದೀನಿ. ಮಗಳ ಹತ್ರ ಹೋಗಿ ಇರ್ತೀನಿ. ಇಲ್ಲಿ ನನ್ನಿಂದ ಆಗ್ಬೇಕಾದ್ದು ಏನೂ ಉಳಿದಿಲ್ಲ."

ಅದೇ 'ದಯವಿಟ್ಟು ಕಾಯಿರಿ' ದನಿ. ಅತ್ತೆ ಕೊನೆಗೂ ಆಟಕ್ಕೆ ಬಂದರಲ್ಲ ಎಂದು ಅವಳಿಗೆ ಖುಷಿಯಾಯಿತು. ನಾಟಕದಲ್ಲಿ ಕೊನೆಯ ಬಾಡಿಗೆಯವನು, ನಿವೃತ್ತ ಗುಮಾಸ್ತ, ಇಂಥದೇ ಮಾತು ಹೇಳಿ ಹೊರಡುತ್ತಾನೆ. ಅವನಿಗೆ ಕೊಡುವ ಉತ್ತರ ತಾಲೀಮಿನಲ್ಲಿ ಒಮ್ಮೆಯೂ ಮೇಷ್ಟ್ರಿಗೆ ಹಿಡಿಸಿರಲಿಲ್ಲ. ಅವಳು ತಿರುಗಲಿಲ್ಲ. ಮೊಟ್ಟೆ ಸುಲಿಯುತ್ತಲೇ, ಎಲ್ಲೂ ದನಿ ಎತ್ತದೆ ಹೇಳಿದಳು:

"ಹೋಗೋರಿಗೆ ಬಾಗಿಲು ತೆರೆದಿದೆ. ಹೋಗುವಾಗ ಬೀಗದ ಕೈ ಮೇಜಿನ ಮೇಲಿಟ್ಟು ಹೋಗಿ. ಅಳು ಗಿಳು ನನ್ನ ಹತ್ರ ನಡೆಯಲ್ಲ."

ಎಷ್ಟು ಚೆನ್ನಾಗಿ ಬಂತೆಂದರೆ ಅವಳಿಗೇ ಮೈ ಜುಮ್ಮೆಂದಿತು. ಇದೇ, ಮೇಷ್ಟ್ರು ಕೇಳುತ್ತಿದ್ದದ್ದು ಇದೇ. ಬಾಗಿಲ ಹತ್ತಿರದಿಂದ ಚಪ್ಪಲಿ ಎಳೆದುಕೊಂಡು ಹೋದ ಸದ್ದು ಕೇಳಿತು. ಅವಳು ಮೊಟ್ಟೆಗೆ ಉಪ್ಪು ಹಾಕಿ ತಿಂದು, ಆ ದನಿ ಮರೆತುಹೋದೀತೆಂದು ಬಸ್ಸಿನಲ್ಲೂ ಅದನ್ನೇ ಗೊಣಗಿಕೊಳ್ಳುತ್ತ ತಾಲೀಮಿಗೆ ಹೋದಳು. ಮೇಷ್ಟ್ರು ಕೇಳಿ ಕುರ್ಚಿಯಿಂದ ಎದ್ದು ನಿಂತರು. "ಎಲ್ಲಿತ್ತೇ ಇದು ಇಷ್ಟು ದಿನ?" ಅಂದರು.

ಸಂಜೆ ಮನೆಗೆ ಬಂದಾಗ ಊಟದ ಮೇಜಿನ ಮೇಲೆ ಬೀಗದ ಕೈ ಇತ್ತು. ಕೆಂಪು ನೂಲು ಕಟ್ಟಿದ್ದು, ಅತ್ತೆಯದು. ಅವಳಿಗೆ ನಗು ಬಂತು. ಇಷ್ಟು ವರ್ಷದಲ್ಲಿ ಅತ್ತೆ ಮಾಡಿದ ಮೊದಲ ತಮಾಷೆ ಅದು.

"ಸಾಕು ಬನ್ನಿ ಅತ್ತೆ, ನಾಟಕ ಮುಗೀತು. ಚಹಾ ಇಡ್ತೀನಿ."

ಯಾರೂ ಬರಲಿಲ್ಲ. ಎರಡು ಲೋಟ ಚಹಾ ಸೋಸಿಕೊಂಡು ಕೋಣೆಗೆ ಹೋದಳು. ಹಾಸಿಗೆ ಮಡಚಿತ್ತು. ಗೂಟದಲ್ಲಿ ಶಾಲು ಇರಲಿಲ್ಲ. ಕಿಟಕಿಯ ಕಟ್ಟೆ ನೋಡಿದಳು. ಹಲ್ಲಿನ ಸೆಟ್ಟು ಇಡುವ ಗಾಜಿನ ಲೋಟವೂ ಇರಲಿಲ್ಲ. ತಮಾಷೆ ಮಾಡುವವರು ಹಲ್ಲಿನ ಲೋಟ ತೆಗೆದುಕೊಂಡು ಹೋಗುವುದಿಲ್ಲ. ಅವಳು ಚಹಾದ ಲೋಟ ಹಿಡಿದುಕೊಂಡೇ ಅತ್ತೆಯ ಮಂಚದ ಮೇಲೆ ಕೂತುಬಿಟ್ಟಳು.

ಫೋನಿನಲ್ಲಿ ನಾದಿನಿಯ ದನಿ ಚುಚ್ಚುವಷ್ಟು ಮರ್ಯಾದೆಯಿಂದ ಕೂಡಿತ್ತು. "ಏನತ್ತಿಗೆ, ಅಮ್ಮನಿಗೆ ಬಾಗಿಲು ತೋರಿಸಿದ್ರಂತೆ. ಬೀಗದ ಕೈ ಬೇರೆ ಕೇಳಿದ್ರಂತೆ."

"ಅದು ನಾಟಕದ ಮಾತು. ನಾನು ಅತ್ತೆ ನಾಟಕದ ಮಾತು ಹೇಳ್ತಿದಾರೆ ಅಂದ್ಕೊಂಡೆ."

"ಅಮ್ಮ ನಾಟಕ ಆಡ್ತಾರಾ? ಆಡೋರು ನೀವಲ್ವಾ?"

ಗಂಡನಿಗೆ ವಿಷಯ ತಿಳಿದಾಗ ಅವನು ಶರ್ಟಿನ ಗುಂಡಿ ಬಿಚ್ಚುತ್ತಿದ್ದವನು ಮತ್ತೆ ಹಾಕಿಕೊಂಡ. "ಮುಖ ನೋಡದೆ ಹೇಳಿದೆಯಾ?"

"ಮೊಟ್ಟೆ ಸುಲೀತಿದ್ದೆ."

"ಅಮ್ಮನ ಜೊತೆ ಇದ್ದು ಇಪ್ಪತ್ತೈದು ವರ್ಷ ಆಯ್ತು. ಒಂದು ಸಲ ತಿರುಗಿ ನೋಡಕ್ಕಾಗ್ಲಿಲ್ವಾ?"

"ನೀವೂ ದಿನಾ ಎಸೀತಿದ್ರಲ್ಲ ಮಾತು. ಹೇಳದೆ ಕೇಳದೆ."

"ನಾನು ತಪ್ಪು ತಪ್ಪು ಎಸೀತೀನಿ. ನಾನು ಅಂತ ಗೊತ್ತಾಗುತ್ತೆ."

"ಫೋನು ತಂದು ಕೆಡಿಸಿದ್ದು ನಾನು," ಅಂದಳು ಮಗಳು, ಬ್ರೆಡ್ಡಿನ ಅಂಚು ಕಿತ್ತುಕೊಳ್ಳುತ್ತ. "ಅಜ್ಜಿಗೆ ಕಣ್ಣು ಉರಿ ಅಂದ್ರು. ಅವರ ಕಣ್ಣು ನನ್ನದಕ್ಕಿಂತ ಚೆನ್ನಾಗಿದೆ."

ಅವಳಿಗೆ ಅಳು ಬಂತು. ಬಂದ ಅಳು ಇಷ್ಟು ವರ್ಷದ ಅಭ್ಯಾಸಕ್ಕೆ ಒಳ್ಳೆಯ ಆಕಾರದಲ್ಲೇ ಬಂತು. ಮೊದಲು ಕೆಳತುಟಿ, ಆಮೇಲೆ ಗಂಟಲು, ಕೊನೆಗೆ ಕಣ್ಣು. ಮಗಳು ಅವಳನ್ನೇ ನೋಡಿದಳು.

"ಅಮ್ಮ, ಬೇಜಾರು ಮಾಡ್ಕೋಬೇಡ. ಇದು ನಿಜವಾದ ಅಳು ತಾನೇ?"

ಅವಳು ಕಣ್ಣೊರೆಸಿಕೊಂಡು, "ಹೌದು ಅಂತ ಕಾಣುತ್ತೆ," ಅಂದಳು.

ಮರುದಿನ ಸ್ಟುಡಿಯೋದ ಮಂಚದ ಮೇಲೆ ಬೂದಿ ಬಣ್ಣ ಹಚ್ಚಿಕೊಂಡು ಮಲಗಿದ್ದಷ್ಟು ಹೊತ್ತೂ ಅತ್ತೆಗೆ ಏನು ಹೇಳಬೇಕೆಂದು ಜೋಡಿಸಿಕೊಂಡಳು. ಸಂಜೆ ನಾದಿನಿಯ ಮನೆಗೆ ಹೋದಳು. ಎತ್ತರದ ಕಟ್ಟಡ, ಲಿಫ್ಟಿನಲ್ಲಿದ್ದ ಇಬ್ಬರು ಹೆಂಗಸರು ಅವಳನ್ನು ಗುರುತು ಹಿಡಿದು, ದೊಡ್ಡಮ್ಮನಿಗೆ ಈಗ ಹೇಗಿದೆ ಎಂದು ವಿಚಾರಿಸಿಕೊಂಡರು. ಹಾಗೇ ಇದೆ ಎಂದು ಹೇಳಿದಳು.

ಅತ್ತೆ ಟಿ.ವಿ. ಮುಂದೆ ಕೂತಿದ್ದರು. ಧಾರಾವಾಹಿ ಬರುತ್ತಿತ್ತು. ಅದರಲ್ಲಿ ಅವಳು ಕಣ್ಣು ಮುಚ್ಚಿ ಮಲಗಿದ್ದಳು, ಇಲ್ಲಿ ಅವಳು ಕಣ್ಣು ತೆರೆದು ನಿಂತಿದ್ದಳು. ಅತ್ತೆ ಮಲಗಿದ್ದವಳನ್ನೇ ನೋಡುತ್ತಿದ್ದರು.

"ಅತ್ತೆ, ಆ ಮಾತು ನಾನು ನಿಮಗೆ ಹೇಳಿದ್ದಲ್ಲ. ನಾಟಕದ ಯಜಮಾನಿ ಬಾಡಿಗೆಯವನಿಗೆ ಹೇಳಿದ್ದು. ನೀವಿಲ್ಲದೆ ನನ್ನ ಬಾಯಿಗೆ ಒಂದು ಮಾತೂ ಬಂದಿದ್ದಲ್ಲ, ನನ್ನ ಅನ್ನದಲ್ಲಿ ನಿಮ್ಮ ಪಾಲಿದೆ. ನನ್ನ ತಪ್ಪು ಹೊಟ್ಟೆಗೆ ಹಾಕ್ಕೊಂಡು ಮನೆಗೆ ಬನ್ನಿ. ನಿಮ್ಮ ಕಾಲಿಗೆ ಬೀಳ್ತೀನಿ."

ಅತ್ತೆ ಕೊನೆಯ ತನಕ ಕೇಳಿಸಿಕೊಂಡರು. ಆಮೇಲೆ ಟಿ.ವಿ.ಯ ದನಿ ಸ್ವಲ್ಪ ತಗ್ಗಿಸಿದರು.

"ಚೆನ್ನಾಗಿ ಹೇಳಿದೆ," ಅಂದರು. "'ಕಾಲಿಗೆ ಬೀಳ್ತೀನಿ' ಅನ್ನೋಕೆ ಮುಂಚೆ ಒಂದು ಚೂರು ನಿಲ್ಲಿಸಿದ್ರೆ ಇನ್ನೂ ಚೆನ್ನಾಗಿರ್ತಿತ್ತು."

"ಅತ್ತೆ, ಇದು ನಾಟಕ ಅಲ್ಲ."

"ಇರ್ಬಹುದು. ನನಗೆ ವ್ಯತ್ಯಾಸ ಗೊತ್ತಾಗ್ತಿಲ್ಲ. ನಿನಗೆ ಗೊತ್ತಾಗುತ್ತಾ?"

ನಾದಿನಿ ಚಹಾ ತಂದಿಟ್ಟಳು. ಸಕ್ಕರೆ ಹಾಕಿರಲಿಲ್ಲ. ಅವಳು ಕೇಳದೆ ಕುಡಿದು ಎದ್ದುಬಂದಳು.

ಅತ್ತೆಯ ಬೀಗದ ಕೈಯನ್ನು ಪರ್ಸಿನಲ್ಲಿ ಹಾಕಿಕೊಂಡೇ ಓಡಾಡಿದಳು. ಗಂಡ ಅಂಗಡಿ ಮುಚ್ಚಿ ದಿನ ಬಿಟ್ಟು ದಿನ ತಂಗಿಯ ಮನೆಗೆ ಹೋಗಿ ಬರುತ್ತಿದ್ದ, ಬಂದು "ಅಮ್ಮ ಚೆನ್ನಾಗಿದಾಳೆ" ಎಂದಷ್ಟೇ ಹೇಳುತ್ತಿದ್ದ. ಮನೆಯಲ್ಲಿ ಮಾತು ಎಸೆಯುವ ಆಟ ತಾನಾಗಿ ನಿಂತಿತು. ಯಾರಾದರೂ "ಉಪ್ಪು ಕೊಡು" ಅಂದರೂ ಅವಳು ಒಮ್ಮೆ ತಿರುಗಿ ಮುಖ ನೋಡಿ ಆಮೇಲೆ ಕೊಡುತ್ತಿದ್ದಳು.

ತಾಲೀಮಿನಲ್ಲಿ ಹೊಸ ಪೇಚು ಎದುರಾಯಿತು. ಬೇರೆಲ್ಲ ಮಾತು ನೀರು ಕುಡಿದಷ್ಟು ಸಲೀಸು, ಆ ಒಂದು ಸಾಲು ಬಂದರೆ ಮಾತ್ರ ಬಾಯಿ ಕಟ್ಟುತ್ತಿತ್ತು. ಗುಮಾಸ್ತನ ಪಾತ್ರದವನು "ಮನೆ ಬಿಡ್ತೀನಿ" ಎಂದ ಕೂಡಲೇ ಅವಳಿಗೆ ಮೊಟ್ಟೆ, ಒಲೆ, ಬೆನ್ನ ಹಿಂದಿನ ಬಾಗಿಲು. ಒಂದು ದಿನ ಬಂದರೆ ಎರಡು ದಿನ ಇಲ್ಲ.

"ಅವತ್ತು ಅಷ್ಟು ಚೆನ್ನಾಗಿ ಹೇಳಿದೆಯಲ್ಲೇ," ಅಂದರು ಮೇಷ್ಟ್ರು. "ಏನಾಯ್ತು?"

"ಅದನ್ನ ಒಂದು ಸಲ ನಿಜವಾಗಿ ಬಳಸಿಬಿಟ್ಟೆ ಮೇಷ್ಟ್ರೇ."

"ಮತ್ತೆ ಒಳ್ಳೇದೇ ಆಯ್ತಲ್ಲ."

ಅವರಿಗೆ ವಿವರಿಸಿ ಪ್ರಯೋಜನವಿರಲಿಲ್ಲ. ಆ ಸಾಲು ತೆಗೆದುಬಿಡಿ ಎಂದು ಕೇಳಿದಳು. ಅದನ್ನು ತೆಗೆದರೆ ನಾಟಕದ ಬೆನ್ನುಮೂಳೆ ಮುರಿಯುತ್ತದೆ, ಬೇಕಾದರೆ ನಿನ್ನನ್ನೇ ತೆಗೆಯುತ್ತೇನೆ ಎಂದರು. ತೆಗೆಯುವಷ್ಟು ದಿನ ಉಳಿದಿರಲಿಲ್ಲ.

ಪ್ರದರ್ಶನ ಭಾನುವಾರ ಮಧ್ಯಾಹ್ನ. ಹಳೆಯ ಸಭಾಂಗಣ, ಮಡಿಸುವ ಕುರ್ಚಿಗಳು ಕಿರ್ರೆನ್ನುತ್ತಿದ್ದವು. ದೊಡ್ಡಮ್ಮ ಬದುಕಿದ್ದಾಳೆಂದು ಕಣ್ಣಾರೆ ನೋಡಲೆಂದೇ ಅರ್ಧ ಜನ ಬಂದಿದ್ದರು. ಹಣ್ಣಿನವನೂ ಬಂದಿದ್ದ. ಗಂಡ, ಮಗಳು ಮೂರನೇ ಸಾಲಿನಲ್ಲಿ ಕೂರುತ್ತೇವೆ ಎಂದಿದ್ದರು. ರಂಗದ ಮೇಲೆ ಬೆಳಕು ಬಿದ್ದ ಮೇಲೆ ಅವಳಿಗೆ ಆಚೆ ಕತ್ತಲೆಯೊಂದೇ.

ನಾಟಕ ಚೆನ್ನಾಗಿಯೇ ಸಾಗಿತು. ಅವಳು ಕುಂಟಿದಳು, ಗದರಿದಳು, ಸೋರುವ ಕೋಣೆಯ ಮಾತಿಗೆ ಜನ ಚಪ್ಪಾಳೆ ಹೊಡೆದರು. ಮರೆತಿದ್ದೇನೆ ಎಂದುಕೊಂಡಿದ್ದದ್ದು ಯಾವುದೂ ಮರೆತಿರಲಿಲ್ಲ. ಬಾಡಿಗೆಯವರು ಒಬ್ಬೊಬ್ಬರಾಗಿ ಹೊರಟರು, ಮೇಜಿನ ಮೇಲೆ ಒಂದೊಂದೇ ಬೀಗದ ಕೈ ಸೇರಿತು. ಕೊನೆಗೆ ಗುಮಾಸ್ತ ಪೆಟ್ಟಿಗೆ ಹಿಡಿದು ಬಂದು ನಿಂತ.

"ನಾನು ಈ ಮನೆ ಬಿಡೋಣ ಅಂತಿದೀನಿ, ಯಜಮಾನಿ. ಹಳೇ ಗೆಳೆಯನ ಹತ್ರ ಹೋಗಿ ಇರ್ತೀನಿ."

ಅವಳು ಬಾಯಿ ತೆರೆದಳು. ಏನೂ ಇಲ್ಲ. ಮರೆತಿರಲಿಲ್ಲ, ಸಾಲು ಅಕ್ಷರ ಅಕ್ಷರವಾಗಿ ಕಣ್ಣ ಮುಂದಿತ್ತು, ನಾಲಗೆ ಮೇಲಕ್ಕೆ ಏಳಲಿಲ್ಲ. ಗುಮಾಸ್ತ ಕಾದ. ಪೆಟ್ಟಿಗೆ ಕೈ ಬದಲಿಸಿದ. ಮತ್ತೆ ಅದೇ ಮಾತು ಹೇಳಿದ. ಜನ ಅದನ್ನು ಅಭಿನಯವೆಂದುಕೊಂಡು ಉಸಿರು ಬಿಗಿಹಿಡಿದರು. ಪರದೆಯ ಪಕ್ಕದಲ್ಲಿ ಮೇಷ್ಟ್ರು ತಲೆಯ ಮೇಲೆ ಕೈಯಿಟ್ಟುಕೊಂಡದ್ದು ಅವಳಿಗೆ ಕಂಡಿತು. ಇಲ್ಲಿಗೆ ಮುಗಿಯಿತು, ಇನ್ನು ಮಲಗುವ ಕೆಲಸವೇ ತನಗೆ ಗತಿ ಎಂದುಕೊಂಡಳು.

ಆಗ ಕತ್ತಲೆಯಿಂದ, ಮೂರನೇ ಸಾಲಿನ ಕಡೆಯಿಂದ, ತರಕಾರಿಯ ಹೆಸರು ಓದಿ ಹೇಳುವಷ್ಟು ನಿರಾಳವಾಗಿ ಒಂದು ದನಿ ಬಂತು.

"ಹೋಗೋರಿಗೆ ಬಾಗಿಲು ತೆರೆದಿದೆ."

ಯಾರೋ ಕಿಸಕ್ಕನೆ ನಕ್ಕರು, ಇನ್ಯಾರೋ ಶ್ ಎಂದರು. ಅವಳು ಗುಮಾಸ್ತನನ್ನು ಬಿಟ್ಟು ಆ ದನಿಯ ಕಡೆ ತಿರುಗಿದಳು. ಕಾಣುವುದು ಏನೂ ಇಲ್ಲದಿದ್ದರೂ ತಿರುಗಿದಳು.

"ಹೋಗೋರಿಗೆ ಬಾಗಿಲು ತೆರೆದಿದೆ," ಅಂದಳು. "ಹೋಗುವಾಗ ಬೀಗದ ಕೈ ಮೇಜಿನ ಮೇಲಿಟ್ಟು ಹೋಗಿ. ಅಳು ಗಿಳು ನನ್ನ ಹತ್ರ ನಡೆಯಲ್ಲ." ಅವಳ ಕಲ್ಲಿನಂಥ ಯಜಮಾನಿ ಆ ಮಾತನ್ನು ಬೇಡಿಕೊಳ್ಳುವವಳ ಹಾಗೆ ಹೇಳಿದಳು. ಗುಮಾಸ್ತ ಹೋಗಬೇಕೋ ಉಳಿಯಬೇಕೋ ತಿಳಿಯದೆ ಒಂದು ಗಳಿಗೆ ನಿಂತು, ಆಮೇಲೆ ನಾಟಕದಲ್ಲಿ ಬರೆದಿದ್ದಂತೆ ಹೋದ.

ಪರದೆ ಬಿದ್ದ ಮೇಲೆ ಮೇಷ್ಟ್ರು ಬಂದು, "ಅದು ನಾನು ಹೇಳಿಕೊಟ್ಟ ರೀತಿ ಅಲ್ಲ," ಅಂದರು. ಹೊರಗೆ ಚಪ್ಪಾಳೆ ಇನ್ನೂ ನಿಂತಿರಲಿಲ್ಲ. "ಇರಲಿ, ಹಾಗೇ ಇಟ್ಕೋ," ಎಂದು ಹೋದರು.

ಬಣ್ಣದ ಕೋಣೆಯಲ್ಲಿ ಅವಳು ಮುಖಕ್ಕೆ ಎಣ್ಣೆ ಹಚ್ಚಿ ಒರೆಸಿಕೊಳ್ಳುತ್ತಿದ್ದಾಗ ಅತ್ತೆ ಒಳಗೆ ಬಂದರು. ಶಾಲು ಹೊದ್ದು, ದೊಡ್ಡ ಕೈಚೀಲ ತಬ್ಬಿಕೊಂಡಿದ್ದರು. ಬಟ್ಟೆಯ ಟ್ರಂಕಿನ ಮೇಲೆ ಕೂತು, ಕನ್ನಡಕದೊಳಗಿನಿಂದ ಸೊಸೆಯ ಅರ್ಧ ಅಳಿಸಿದ ಮುಖ ನೋಡಿದರು.

"ಒಂದು ಕೇಳ್ತೀನಿ. ಅಲಂಕಾರ ಮಾಡ್ದೆ ಹೇಳ್ಬೇಕು."

"ಕೇಳಿ ಅತ್ತೆ."

"ಇಷ್ಟು ವರ್ಷದಲ್ಲಿ ನಾನು ನಿನಗೆ ಯಾವತ್ತಾದ್ರೂ ಒಂದು ಪದ ತಪ್ಪು ಓದಿದ್ದು ಇದೆಯಾ?"

"ಇಲ್ಲ."

"ಅವತ್ತು ನಾನು ಹೇಳಿದ್ರಲ್ಲಿ ಯಜಮಾನಿ ಇರ್ಲಿಲ್ಲ, ಗೆಳೆಯ ಇರ್ಲಿಲ್ಲ. ಮಗಳ ಹತ್ರ ಅಂದೆ. ನಾಟಕದ್ದಲ್ಲ ಅಂತ ನಿನಗೆ ಗೊತ್ತಾಯ್ತೋ ಇಲ್ವೋ?"

ಎಣ್ಣೆಯ ಬಟ್ಟೆ ಅವಳ ಕೈಯಲ್ಲೇ ಉಳಿಯಿತು. ಇಲ್ಲ ಎಂದು ಹೇಳುವುದು ಸುಲಭವಿತ್ತು, ನಾದಿನಿಯ ಮನೆಯಲ್ಲಿ ಅದನ್ನೇ ಹೇಳಿದ್ದಳು.

"ಮೊದಲು ಆಟ ಅಂತಾನೇ ಅಂದ್ಕೊಂಡೆ," ಅಂದಳು. "ಆಮೇಲೆ ಮಗಳು ಅಂದಾಗ... ಎಲ್ಲೋ ಒಂಚೂರು... ಅಷ್ಟರಲ್ಲಿ ಮಾತು ಬಾಯಿಗೆ ಬಂದುಬಿಟ್ಟಿತ್ತು. ಚಮಚದ ಸಿಟ್ಟೂ ಇತ್ತೇನೋ. ಇರ್ಲಿಲ್ವೇನೋ. ಚೆನ್ನಾಗಿ ಬರ್ತಿದೆ ಅಂತ ನಿಲ್ಲಿಸ್ಲಿಲ್ವೇನೋ. ದಿನಾ ಯೋಚನೆ ಮಾಡ್ತೀನಿ. ನನಗೆ ಗೊತ್ತಿಲ್ಲ ಅತ್ತೆ. ನಿಜವಾಗ್ಲೂ ಗೊತ್ತಿಲ್ಲ."

ಮೂಗು ಸೋರಿತು. ಅದನ್ನು ಎಣ್ಣೆಯ ಬಟ್ಟೆಯಲ್ಲೇ ಒರೆಸಿಕೊಂಡದ್ದರಿಂದ ಮುಖವೆಲ್ಲ ಕಪ್ಪು ಬಿಳಿ ರಾಡಿಯಾಯಿತು. ನಿಲ್ಲಿಸಬೇಕಾದ ಕಡೆ ನಿಲ್ಲಿಸಿರಲಿಲ್ಲ, ಎಲ್ಲ ಸಾಲೂ ಒಂದರ ಮೇಲೊಂದು ಬಿದ್ದಿದ್ದವು.

ಅತ್ತೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಹೂಂ," ಅಂದರು. "ಮುಂದೆ."

ಮುಂದಕ್ಕೆ ಯಾರೂ ಏನೂ ಬರೆದುಕೊಟ್ಟಿರಲಿಲ್ಲ. ಅವಳು ಪರ್ಸು ತೆರೆದು ತಡಕಾಡಿದಳು. ಬಾಚಣಿಗೆ ಸಿಕ್ಕಿತು, ಬಸ್ಸಿನ ಚೀಟಿ ಸಿಕ್ಕಿತು, ಕೊನೆಗೆ ಕೆಂಪು ನೂಲಿನ ಬೀಗದ ಕೈ ಸಿಕ್ಕಿತು. ಅದನ್ನು ಅತ್ತೆಯ ಕಡೆ ಚಾಚಿದಳು.

"ಚಮಚ ಒಲೆ ಪಕ್ಕಕ್ಕೆ ಬರ್ಬೇಕು," ಅಂದರು ಅತ್ತೆ.

"ಬರುತ್ತೆ."

ಅತ್ತೆ ಬೀಗದ ಕೈ ತೆಗೆದುಕೊಂಡು, ಅದನ್ನು ಒಳಗಿಡಲು ಕೈಚೀಲದ ಬಾಯಿ ಬಿಚ್ಚಿದರು. ಚೀಲದೊಳಗೆ, ಟವಲಿನಲ್ಲಿ ಸುತ್ತಿ, ಹಲ್ಲಿನ ಸೆಟ್ಟು ಇಡುವ ಗಾಜಿನ ಲೋಟ ಇತ್ತು.